ಓಣಿಗೆ ನೆರಳು ತರುವ ಕ್ರಮ: ದಾವಣಗೆರೆ ಬೀದಿಗಳಲ್ಲಿ ಸಸಿಯನ್ನು ಮೂರು ಬೇಸಿಗೆ ದಾಟಿಸುವುದು

ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳ ಹಳೆಯ ಮರಗಳ ಕೆಳಗೆ ಏಪ್ರಿಲ್ ಮಧ್ಯಾಹ್ನವೂ ವಯಸ್ಸಾದವರು ಕೋಲೂರಿಕೊಂಡು ಔಷಧಿ ಅಂಗಡಿಗೆ ಹೋಗಿ ಬರಬಹುದು. ಅದೇ ಹೊತ್ತಿನಲ್ಲಿ ಹಳೇ ಪೇಟೆಯ ಕಾಂಕ್ರೀಟ್ ಓಣಿಗಳಲ್ಲಿ, ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಮಕ್ಕಳೂ ಹೊಸ್ತಿಲು ದಾಟುವುದಿಲ್ಲ. ಕಾಂಕ್ರೀಟು, ಟಾರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತು ಗಂಟೆಯವರೆಗೂ ಕಾರುತ್ತಿರುತ್ತವೆ. ತಗಡಿನ ಶೀಟು ಹೊದಿಸಿದ ಮನೆಯಲ್ಲಿ ಫ್ಯಾನು ಹಾಕಿದರೆ ಬಿಸಿಗಾಳಿಯೇ ತಿರುಗುತ್ತದೆ. ಮರವು ಬಿಸಿಲು ನೆಲಕ್ಕೆ ಮುಟ್ಟುವ ಮುನ್ನವೇ ತಡೆಯುತ್ತದೆ, ಎಲೆಗಳಿಂದ ನೀರಾವಿ ಬಿಟ್ಟು ಸುತ್ತಲಿನ ಗಾಳಿಯನ್ನೂ ತಂಪು ಮಾಡುತ್ತದೆ. ಸೊಪ್ಪು ಮಾರುವ ಹೆಂಗಸರು, ಆಟೋದವರು, ಎಪಿಎಂಸಿಯ ಹಮಾಲರು, ಬಸ್ಸಿಗೆ ಕಾಯುವ ವಿದ್ಯಾರ್ಥಿಗಳು ಇವರೆಲ್ಲರಿಗೂ ನೆರಳೆಂದರೆ ದುಡಿಮೆಯ ಹೊತ್ತನ್ನು ಎರಡು ತಾಸು ಹೆಚ್ಚಿಸುವ ಸೌಲಭ್ಯ. ಹೀಗಾಗಿ ಸಸಿ ನೆಡುವುದಾದರೆ ಈಗಾಗಲೇ ಹಸಿರಿರುವ ಬಡಾವಣೆ ಬಿಟ್ಟು, ಇಲ್ಲದ ಓಣಿಯಿಂದ ಶುರು ಮಾಡಬೇಕು.

ನೆಡುವುದು ಒಂದು ಹೊತ್ತಿನ ಕೆಲಸ. ಸಸಿ ಮರವಾಗುವುದು ಅದಾದ ಮೇಲಿನ ಮೂರು ಬೇಸಿಗೆಗಳಲ್ಲಿ. ನೀರು ಯಾರು, ಯಾವ ದಿನ, ಎಷ್ಟು ಹಾಕುತ್ತಾರೆ ಎಂಬುದು ಗುಂಡಿ ತೋಡುವ ಮೊದಲೇ ತೀರ್ಮಾನವಾಗಿರದಿದ್ದರೆ ಸಸಿ ತರಲೇಬೇಡಿ. ನೂರು ನೆಟ್ಟು ಹತ್ತು ಉಳಿಸುವುದಕ್ಕಿಂತ ಹದಿನೈದು ನೆಟ್ಟು ಹದಿನಾಲ್ಕು ಉಳಿಸುವುದು ಸುಲಭ, ಖರ್ಚೂ ಕಡಿಮೆ.

ಸಂಜೆ ನಾಲ್ಕರ ಬಿಸಿಲಲ್ಲಿ ಓಣಿ ನಡೆಯಿರಿ

ಏಪ್ರಿಲ್‌ನ ಒಂದು ದಿನ ಸಂಜೆ ನಾಲ್ಕಕ್ಕೆ ಓಣಿಯ ನಾಲ್ಕೈದು ಜನ ಸೀಮೆಸುಣ್ಣ, 30 ಮೀಟರ್ ಟೇಪು, ಒಂದು ನೋಟ್‌ಬುಕ್ ಹಿಡಿದು ಹೊರಡಿ. ದಾವಣಗೆರೆಯಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಮರದ ನೆರಳು ಬುಡಕ್ಕೇ ಬೀಳುತ್ತದೆ. ಮನೆಯನ್ನು ನಿಜವಾಗಿ ಕಾಯಿಸುವುದು ಮೂರರಿಂದ ಐದೂವರೆವರೆಗಿನ ಪಡುವಣ ಬಿಸಿಲು. ಉತ್ತರ ದಕ್ಷಿಣ ಹಾದಿರುವ ಓಣಿಯಲ್ಲಿ ಪೂರ್ವದ ಸಾಲಿನ ಮನೆಗಳು ಪಶ್ಚಿಮಕ್ಕೆ ಮುಖ ಮಾಡಿರುತ್ತವೆ. ಮೊದಲ ಸಸಿಗಳು ಆ ಮನೆಗಳ ಮುಂದೆ ಬರಬೇಕು. ಪೂರ್ವ ಪಶ್ಚಿಮ ಹಾದಿರುವ ಓಣಿಯಲ್ಲಿ ದಕ್ಷಿಣದ ಅಂಚಿಗೆ ನೆಟ್ಟರೆ ಚಳಿಗಾಲದ ಓರೆ ಬಿಸಿಲಿಗೂ ರಸ್ತೆಯ ಮೇಲೆ ನೆರಳು ಬರುತ್ತದೆ. ಶಾಲೆಯ ಗೇಟು, ಅಂಗನವಾಡಿ, ನೀರಿನ ಟ್ಯಾಂಕಿನ ಕಟ್ಟೆ, ಬಸ್ ನಿಲ್ಲುವ ಜಾಗ, ತಳ್ಳುಗಾಡಿ ನಿಲ್ಲುವ ಮೂಲೆ ಇವನ್ನು ಬೇರೆ ಗುರುತಿನಿಂದ ಬರೆದುಕೊಳ್ಳಿ.

ಆಮೇಲೆ ತಲೆ ಎತ್ತಿ ನೋಡಿ, ನೆಲವನ್ನೂ ನೋಡಿ. ಮೇಲೆ ಬೆಸ್ಕಾಂ ತಂತಿ ಇರುವ ಕಡೆ ಸಣ್ಣ ಮರಗಳಷ್ಟೇ. ಕೆಳಗೆ ಒಳಚರಂಡಿ, ಕುಡಿಯುವ ನೀರಿನ ಪೈಪು, ಹಲವು ಬಡಾವಣೆಗಳಲ್ಲಿ ಈಗ ಅಡುಗೆ ಅನಿಲದ ಪೈಪು ಕೂಡ ಇದೆ. ಮ್ಯಾನ್‌ಹೋಲಿನಿಂದ 6 ಅಡಿ, ವಿದ್ಯುತ್ ಕಂಬದಿಂದ 10 ಅಡಿ ಬಿಡಿ. ತಿರುವಿನಲ್ಲಿ ಎದುರಿನ ವಾಹನ ಕಾಣಬೇಕಾದ್ದರಿಂದ 25 ಅಡಿ ಖಾಲಿ ಬಿಡಿ. ಮನೆಯ ತಳಪಾಯದಿಂದ ದೊಡ್ಡ ಮರಕ್ಕೆ ಕನಿಷ್ಠ 10 ಅಡಿ, ಸಣ್ಣದಕ್ಕೆ 5 ಅಡಿ. ಮರದಿಂದ ಮರಕ್ಕೆ ದೊಡ್ಡ ಜಾತಿಗೆ 30 ಅಡಿ, ಮಧ್ಯಮಕ್ಕೆ 20, ಸಣ್ಣದಕ್ಕೆ 12. ಒತ್ತಾಗಿ ನೆಟ್ಟರೆ ಎಲ್ಲವೂ ಬೆಳಕಿಗಾಗಿ ಸಪೂರಾಗಿ ಮೇಲಕ್ಕೆ ಹೋಗಿ ಗಾಳಿಗೆ ಮುರಿಯುತ್ತವೆ.

ಗುರುತು ಹಾಕಿದ ನಕ್ಷೆಯೊಂದಿಗೆ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ. ಯಾವ ವಾರ್ಡು, ಯಾವ ಅಡ್ಡರಸ್ತೆ, ಎಷ್ಟು ಗುಂಡಿ, ನೋಡಿಕೊಳ್ಳುವವರು ಯಾರು ಎಂಬಿಷ್ಟು ಸಾಕು. ಸ್ವೀಕೃತಿಯ ಮುದ್ರೆ ಇರುವ ಪ್ರತಿ ನಿಮ್ಮಲ್ಲಿರಲಿ. ಮುಂದೆ ಚರಂಡಿ ಕೆಲಸಕ್ಕೆ ಜೆಸಿಬಿ ಬಂದ ದಿನ ಆ ಕಾಗದವೇ ಮಾತಾಡುತ್ತದೆ. ಬೆಳೆದ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಇದು ಓಣಿಯ ಎಲ್ಲರಿಗೂ ಗೊತ್ತಿರಲಿ.

ನೀರಿನ ಲೆಕ್ಕ

ಮೊದಲ ವರ್ಷ ನವೆಂಬರ್‌ನಿಂದ ಜನವರಿವರೆಗೆ ಸಸಿಗೆ ವಾರಕ್ಕೆ 20 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ ವಾರಕ್ಕೆ ಎರಡು ಸಲ, ಪ್ರತಿ ಸಲ 20 ಲೀಟರ್. ಒಟ್ಟು ಹೆಚ್ಚು ಕಡಿಮೆ 900 ಲೀಟರ್ ಆಯಿತು. ಇಪ್ಪತ್ತು ಸಸಿಗೆ 18,000 ಲೀಟರ್, ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್. ಎರಡನೇ ಬೇಸಿಗೆಯಲ್ಲಿ ವಾರಕ್ಕೆ ಒಂದೇ ಸಲ, ಆದರೆ 40 ಲೀಟರ್. ಮೂರನೆಯದರಲ್ಲಿ ಹದಿನೈದು ದಿನಕ್ಕೊಮ್ಮೆ 60 ಲೀಟರ್. ದಿನಾ ಒಂದು ಚೊಂಬು ಹಾಕುವವರು ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಆ ನೀರು ಎರಡು ಇಂಚು ಕೆಳಗೂ ಇಳಿಯುವುದಿಲ್ಲ. ಬೇರು ನೀರಿದ್ದ ಕಡೆಗೇ ಬರುವುದರಿಂದ ಮೇಲ್ಮಣ್ಣಿನಲ್ಲೇ ಸುತ್ತುತ್ತದೆ. ಮದುವೆಗೆಂದು ಆ ಮನೆಯವರು ನಾಲ್ಕು ದಿನ ಊರಿಗೆ ಹೋದರೆ ಸಸಿ ಒಣಗುತ್ತದೆ. ನೀರು ಅಪರೂಪಕ್ಕೆ ಹಾಕಿ, ಹಾಕಿದಾಗ ಆಳಕ್ಕೆ ಇಳಿಯುವಂತೆ ಹಾಕಿ.

ನಲ್ಲಿ ನೀರು ಬಿಡುವ ದಿನವನ್ನೇ ಸಸಿಯ ದಿನವನ್ನಾಗಿ ಮಾಡಿಕೊಳ್ಳುವುದು ಇಲ್ಲಿನ ಓಣಿಗಳಿಗೆ ಹೊಂದುವ ಉಪಾಯ. ಹೇಗೂ ಮೊದಲು ಬರುವ ಕದಡು ನೀರನ್ನು ಚೆಲ್ಲುತ್ತೀರಿ, ಆ ಬಕೆಟ್ ಸಸಿಗಿರಲಿ. ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಬಹುದು. ಬಟ್ಟೆ ಒಗೆದ ಸೋಪಿನ ನೀರು ಬೇಡ. ಫಿಲ್ಟರ್ ಮಷೀನು ಹೊರಬಿಡುವ ನೀರಿನಲ್ಲಿ ಉಪ್ಪಿನಂಶ ಸಾಂದ್ರವಾಗಿರುತ್ತದೆ. ಅದನ್ನೇ ಹಾಕುತ್ತಾ ಹೋದರೆ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಚಿತ್ರದುರ್ಗ, ಹಿರಿಯೂರು ಕಡೆಯ ಗಡಸು ಬೋರ್‌ವೆಲ್ ನೀರಿನಿಂದಲೂ ಹೀಗೆ ಆಗುವುದುಂಟು. ಮಳೆಗಾಲದಲ್ಲಿ ಬುಡಕ್ಕೆ ಚೆನ್ನಾಗಿ ಮಳೆನೀರು ನುಗ್ಗಿಸಿದರೆ ಕೂಡಿದ ಉಪ್ಪು ಕೆಳಗೆ ತೊಳೆದುಹೋಗುತ್ತದೆ.

ನೀರು ತೀರ ಕಷ್ಟವಿರುವಲ್ಲಿ ಐದಾರು ಲೀಟರಿನ ಮಣ್ಣಿನ ಮಡಕೆ ಹೂಳಿ. ತಳಕ್ಕೆ ಮೊಳೆಯಿಂದ ಸಣ್ಣ ತೂತು ಮಾಡಿ, ಹತ್ತಿಯ ಬತ್ತಿ ತೂರಿಸಿ, ಕಾಂಡದಿಂದ ಒಂದು ಅಡಿ ದೂರದಲ್ಲಿ ಕಂಠ ಮಾತ್ರ ಮೇಲೆ ಕಾಣುವಂತೆ ಇಡಿ. ಬಾಯಿಗೆ ಕಲ್ಲೋ ಮುಚ್ಚಳವೋ ಕಡ್ಡಾಯ. ತೆರೆದು ಬಿಟ್ಟರೆ ಡೆಂಗಿಯ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತೆ. ಫುಟ್‌ಪಾತಿನಲ್ಲಿ ಮಡಕೆಗೆ ಜಾಗವಿಲ್ಲದಿದ್ದರೆ ಮೂರು ಇಂಚಿನ ಪಿವಿಸಿ ಪೈಪನ್ನು ಎರಡು ಅಡಿಗೆ ಕತ್ತರಿಸಿ, ಸುತ್ತಲೂ ತೂತು ಹಾಕಿ, ಜಲ್ಲಿ ತುಂಬಿ ಗುಂಡಿಯ ಅಂಚಿಗೆ ನಿಲ್ಲಿಸಿ. ಇದರ ಮೂಲಕ ಹಾಕಿದ ನೀರು ನೇರ ಬೇರಿನ ಮಟ್ಟಕ್ಕೆ ಹೋಗುತ್ತದೆ. ಕುದೂರು, ಹುಲಿಕಲ್ ನಡುವಿನ ಆಲದ ಸಾಲನ್ನು ಸಾಲುಮರದ ತಿಮ್ಮಕ್ಕ ಮತ್ತು ಚಿಕ್ಕಯ್ಯ ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಬೆಳೆಸಿದ್ದರು. ಇಂದಿಗೂ ಬೇಕಿರುವುದು ಆ ಎರಡೇ, ನೀರು ಮತ್ತು ಕಾವಲು.

ಮಳೆನೀರಿನ ಲೆಕ್ಕವೂ ಮಾಡಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದರೆ 100 ಚದರ ಅಡಿ ತಾರಸಿಯ ಮೇಲೆ ಸುಮಾರು 5,500 ಲೀಟರ್. ತಾರಸಿಯ ಒಂದು ಪೈಪಿನ ಬಾಯಿಯನ್ನು ಚರಂಡಿಯಿಂದ ತಪ್ಪಿಸಿ ಮರದ ಪಾತಿಗೆ ತಿರುಗಿಸಿದರೆ ಓಣಿಯಲ್ಲಿ ಮಳೆನೀರು ನಿಲ್ಲುವುದೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಯಾವ ಮರ, ಯಾಕೆ

ಮೂವತ್ತು ಅಡಿ ರಸ್ತೆಗೆ, ಮೇಲೆ ತಂತಿ ಇಲ್ಲದಿದ್ದರೆ, ನಮ್ಮ ಮೊದಲ ಆಯ್ಕೆ ಹೊಂಗೆ. ಎರೆ ಮಣ್ಣಿನಲ್ಲಿ ನಿಂತ ನೀರನ್ನೂ ತಾಳಿಕೊಳ್ಳುತ್ತದೆ, ಒಣ ಬೇಸಿಗೆಯನ್ನೂ ತಾಳಿಕೊಳ್ಳುತ್ತದೆ. ಎಲೆ ಉದುರಿಸಿದ ಬೆನ್ನಲ್ಲೇ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರು ಹೊದ್ದು ದಟ್ಟ ನೆರಳು ಕೊಡುತ್ತದೆ. ಅದರ ಎಲೆಯ ಮೇಲೆ ಗುಳ್ಳೆಗಳಂತೆ ಗಂಟು ಏಳುವುದನ್ನು ಕಂಡು ಗಾಬರಿಯಾಗಬೇಡಿ. ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಮರಕ್ಕೆ ಏನೂ ಆಗುವುದಿಲ್ಲ, ಔಷಧಿ ಬೇಕಿಲ್ಲ. ಎರಡನೆಯದು ಬೇವು. ಇತ್ತೀಚಿನ ವರ್ಷಗಳಲ್ಲಿ ಮಳೆಗಾಲದ ಕೊನೆಗೆ ಬೇವಿನ ಕೊಂಬೆಯ ತುದಿಗಳು ಸುಟ್ಟಂತೆ ಒಣಗುತ್ತಿವೆ. ಶಿಲೀಂಧ್ರ ಮತ್ತು ರಸ ಹೀರುವ ಕೀಟ ಸೇರಿ ತರುವ ರೋಗ ಇದು. ಬಹುಪಾಲು ಮರಗಳು ಯುಗಾದಿಯ ಚಿಗುರಿನಲ್ಲಿ ಚೇತರಿಸಿಕೊಳ್ಳುತ್ತವೆ. ಮರ ಸತ್ತಿತೆಂದು ಕಡಿಸಲು ಓಡಬೇಡಿ, ಒಂದು ಬೇಸಿಗೆ ಕಾದು ನೋಡಿ. ಆದರೆ ಇದೇ ಕಾರಣಕ್ಕೆ ಇಡೀ ಓಣಿಗೆ ಬೇವೊಂದನ್ನೇ ನೆಡಬೇಡಿ. ಯಾವ ಜಾತಿಯೂ ಒಟ್ಟು ಸಸಿಗಳ ಮೂರನೇ ಒಂದು ಪಾಲು ದಾಟದಿರಲಿ.

ಜಾಗ ವಿಶಾಲವಿರುವ ಶಾಲಾ ಮೈದಾನ, ಉದ್ಯಾನ, ಕೆರೆ ಏರಿಯ ಕೆಳಗೆ ಬಸರಿ, ಅರಳಿ, ಅತ್ತಿ, ಹುಣಸೆ, ನೇರಳೆ ಇಡಿ. ಮನೆ ಸಾಲಿನಲ್ಲಿ ಆಲ, ಅರಳಿ ಬೇಡವೇ ಬೇಡ, ಅವುಗಳ ಬೇರು ಗೋಡೆಯ ಸಂದಿಗೂ ಹೋಗುತ್ತದೆ. ತಂತಿಯ ಕೆಳಗೆ ಪಾರಿಜಾತ, ದೇವಕಣಗಿಲೆ, ಕರಿಬೇವು. ಬಿಲ್ವ, ಕಕ್ಕೆಗಳನ್ನೂ ಸವರಿಕೊಂಡು ಇಟ್ಟುಕೊಳ್ಳಬಹುದು. ಹೊಳೆದಾಸವಾಳ, ರೆಂಜೆ ಮಧ್ಯಮ ಗಾತ್ರಕ್ಕೆ ಒಳ್ಳೆಯವು. ರೆಂಜೆ ತೀರ ನಿಧಾನ, ಆದರೆ ಎಲೆ ಉದುರಿಸಿ ಬೋಳಾಗುವುದೇ ಇಲ್ಲ.

ಗಸಗಸೆ ಹಣ್ಣಿನ ಮರದ ಬಗ್ಗೆ ಓಣಿಗಳಲ್ಲಿ ಸದಾ ಚರ್ಚೆ. ಎರಡೇ ವರ್ಷದಲ್ಲಿ ನೆರಳು ಕೊಡುತ್ತದೆ, ಮಕ್ಕಳಿಗೂ ಹಕ್ಕಿಗಳಿಗೂ ಹಣ್ಣು ಸಿಗುತ್ತದೆ. ಆದರೆ ಕೊಂಬೆ ಮೆದು, ಆಯಸ್ಸು ಕಡಿಮೆ. ಎರಡು ಹೊಂಗೆಗಳ ನಡುವೆ ಒಂದು ಗಸಗಸೆ ನೆಟ್ಟು, ಹೊಂಗೆ ಮೇಲೆದ್ದ ಮೇಲೆ ಅದನ್ನು ಪಾಲಿಕೆಗೆ ತಿಳಿಸಿ ತೆಗೆಸುವುದು ಜಾಣತನ. ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫೋರಂ ಕಣ್ಣಿಗೆ ಚೆಂದ, ಆದರೆ ಮುಂಗಾರುಪೂರ್ವ ಗಾಳಿಗೆ ಮುರಿದು ಕಾರುಗಳ ಮೇಲೆ ಬೀಳುವವುಗಳಲ್ಲಿ ಇವೇ ಮುಂದು. ಉದ್ದ ಅಶೋಕ ಗೇಟಿನ ಅಲಂಕಾರಕ್ಕೆ ಸರಿ, ನೆರಳಿಗಲ್ಲ. ಕೊನೊಕಾರ್ಪಸ್ ಬೇಗ ಹಸಿರಾಗುತ್ತದೆಂದು ಮಾರುತ್ತಾರೆ. ಪೈಪಿಗೆ ಬೇರು ನುಗ್ಗಿಸುವ, ಪರಾಗದಿಂದ ಉಸಿರಾಟದ ತೊಂದರೆ ತರುವ ದೂರು ಅದರ ಮೇಲಿದೆ. ತರಬೇಡಿ.

ಚಿತ್ರದುರ್ಗದ ಗರಸು, ಬಂಡೆಯ ನೆಲಕ್ಕೆ ಪಟ್ಟಿ ಬೇರೆ: ಕಮರ, ತಪಸಿ, ಹುಣಸೆ, ಬೇವು, ಮುತ್ತುಗ. ಕಮರದ ಸಸಿ ಮೊದಲ ಎರಡು ವರ್ಷ ಬೆಳೆಯುತ್ತಲೇ ಇಲ್ಲವೇನೋ ಎನ್ನಿಸುತ್ತದೆ. ಆಗ ಅದು ಬೇರನ್ನು ಆಳಕ್ಕೆ ಇಳಿಸುತ್ತಿರುತ್ತದೆ. ಕಿತ್ತು ಬೇರೆ ಹಾಕುವ ಅವಸರ ಮಾಡಬೇಡಿ.

ಸಸಿಯನ್ನು ಅರಣ್ಯ ಇಲಾಖೆಯ ಸಾಮಾಜಿಕ ಅರಣ್ಯ ವಿಭಾಗದ ನರ್ಸರಿಯಲ್ಲಿ ಬೇಸಿಗೆ ಶುರುವಿನಲ್ಲೇ ಕೇಳಿ ಹೇಳಿಟ್ಟುಕೊಳ್ಳಿ. ಬೀದಿಗೆ 10×16 ಅಥವಾ 14×20 ಇಂಚಿನ ಚೀಲದ, ಆರು ಅಡಿ ಎತ್ತರದ, ಹೆಬ್ಬೆರಳು ದಪ್ಪದ ಸಸಿ ಬೇಕು. 5×8ರ ಚೀಲದ ಸಣ್ಣ ಸಸಿ ಹೊಲದ ಬದುವಿಗೆ ಸರಿ. ಬೀದಿಯಲ್ಲಿ ಅದು ಮೇಕೆಯ ಬಾಯಿಗೇ. ಚೀಲದ ತಳದಿಂದ ದಪ್ಪ ಬೇರು ಹೊರಬಂದು ನರ್ಸರಿಯ ನೆಲಕ್ಕೆ ಹೂತಿದ್ದರೆ ಆ ಸಸಿ ಬಿಡಿ, ಎಳೆದಾಗ ತಾಯಿಬೇರೇ ಹರಿದಿರುತ್ತದೆ.

ಗುಂಡಿ: ಎರೆ ಮಣ್ಣಿಗೊಂದು, ಕೆಮ್ಮಣ್ಣಿಗೊಂದು

ಏಪ್ರಿಲ್, ಮೇನಲ್ಲೇ 3×3×3 ಅಡಿ ಗುಂಡಿ ತೋಡಿ ಬಿಸಿಲಿಗೆ ಬಿಡಿ. ಜನ ಬೀಳದಂತೆ ಹಲಗೆ ಮುಚ್ಚಿ ಕಲ್ಲಿಡಿ. ಬಗೆದಾಗ ಮೇಲಿನ ಒಂದು ಅಡಿ ಮಣ್ಣನ್ನು ಒಂದು ಕಡೆ, ಕೆಳಗಿನದನ್ನು ಇನ್ನೊಂದು ಕಡೆ ಹಾಕಿ. ಫುಟ್‌ಪಾತಿನ ಕೆಳಗೆ ಸಿಗುವ ಸಿಮೆಂಟಿನ ಗಟ್ಟಿ, ಇಟ್ಟಿಗೆ ಚೂರು, ಪ್ಲಾಸ್ಟಿಕ್ಕನ್ನು ಪೂರ್ತಿ ಹೊರಹಾಕಿ. ಮುಂದೆ ಅಷ್ಟು ಮಣ್ಣು ಕಡಿಮೆ ಬೀಳುತ್ತದೆ. ಗುಂಡಿಯ ಮೂರನೇ ಒಂದು ಭಾಗ ಹೊಸ ಮಣ್ಣು ಬೇಕೆಂದರೆ 9 ಘನ ಅಡಿ, 100 ಘನ ಅಡಿಯ ಒಂದು ಟ್ರ್ಯಾಕ್ಟರ್ ಲೋಡು ಹನ್ನೊಂದು ಗುಂಡಿಗೆ ಬರುತ್ತದೆ.

ದಾವಣಗೆರೆಯ ಎರೆ ಮಣ್ಣಿನಲ್ಲಿ ಸಸಿ ಎರಡು ರೀತಿ ಸಾಯುತ್ತದೆ. ಮಳೆಗಾಲದಲ್ಲಿ ಗುಂಡಿ ಬಾನಿಯಂತೆ ನೀರು ಹಿಡಿದು ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಗುದ್ದಲಿಯ ಏಟಿಗೆ ಎರೆಯ ಗೋಡೆ ಹೆಂಚಿನಂತೆ ನುಣುಪಾಗಿರುತ್ತದೆ, ಬೇರು ಅದಕ್ಕೆ ತಾಗಿ ತಿರುಗಿಬಿಡುತ್ತದೆ. ಹಾರೆಯಿಂದ ನಾಲ್ಕು ಗೋಡೆಗೂ ಗೀರು ಹಾಕಿ ಒರಟು ಮಾಡಿ. ತುಂಬುವ ಮಣ್ಣಿಗೆ ಕೆಮ್ಮಣ್ಣು, ಎರಡು ಬುಟ್ಟಿ ದಪ್ಪ ಮರಳು, ಎರಡು ಬುಟ್ಟಿ ಕೊಳೆತ ಕೊಟ್ಟಿಗೆ ಗೊಬ್ಬರ ಬೆರೆಸಿ. ಸಸಿಯನ್ನು ರಸ್ತೆ ಮಟ್ಟಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲೆ ಕೂರಿಸಿ. ಜನವರಿಯಲ್ಲಿ ಬಿರುಕು ಕಂಡ ಕೂಡಲೇ ಒಣ ಮಣ್ಣು, ಗೊಬ್ಬರದ ಪುಡಿಯಿಂದ ತುಂಬಿ ಮೇಲೆ ಹೊದಿಕೆ ಹಾಕಿ.

ಕೆಂಪು ಗರಸಿನ ನೆಲದಲ್ಲಿ ತೊಂದರೆ ಇನ್ನೊಂದು. ಎರಡು ಅಡಿ ಕೆಳಗೆ ಗಟ್ಟಿ ಪದರ ಇರುತ್ತದೆ. ಗುಂಡಿಗೆ ಎರಡು ಕೊಡ ನೀರು ಸುರಿದು ನೋಡಿ. ಮರುದಿನವೂ ನಿಂತಿದ್ದರೆ ತಳವನ್ನು ಹಾರೆಯಿಂದ ಇನ್ನೂ ಒಂದು ಅಡಿ ಒಡೆಯಿರಿ. ಇಲ್ಲಿ ದಿಬ್ಬ ಬೇಡ, ಬದಲಿಗೆ ತಗ್ಗು ಪಾತಿ. ಗೆದ್ದಲು ಹೆಚ್ಚಾದ್ದರಿಂದ ಗುಂಡಿಗೆ ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ. ಗೊಬ್ಬರ ಪೂರ್ತಿ ಕೊಳೆತಿರಲೇಬೇಕು. ಹಸಿ ಸಗಣಿ ಹಾಕಿದರೆ ಗೆದ್ದಲನ್ನೂ ಗೊಣ್ಣೆಹುಳುವನ್ನೂ ಕರೆದು ಕೂರಿಸಿದಂತೆ.

ನೆಡುವ ದಿನ

ಕೆ.ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರ ಬರುತ್ತದೆ, ದೇಶವೆಲ್ಲ ಆಗಲೇ ನೆಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ಅದು ಆಷಾಢದ ಗಾಳಿಯ ಕಾಲ. ಮೋಡ ಕಟ್ಟುತ್ತದೆ, ಹನಿ ಉದುರುತ್ತದೆ, ಗಾಳಿ ಮಾತ್ರ ಎಡೆಬಿಡದೆ ಬೀಸಿ ಎಲೆಯ ನೀರು ಹೀರುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಹದ ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದ್ದರಿಂದ ಮೃಗಶಿರ ಚೆನ್ನಾಗಿ ಹುಯ್ದು ನೆಲ ಒಂದು ಗೇಣು ನೆನೆದಿದ್ದರೆ ಜೂನ್ ಮಧ್ಯದಲ್ಲೇ ನೆಡಿ. ಇಲ್ಲವಾದರೆ ಹುಬ್ಬೆ, ಉತ್ತರೆ ಮಳೆಗೆ ಕಾಯಿರಿ. ಸಮಾರಂಭ ಯಾವ ದಿನವಾದರೂ ಆಗಲಿ, ಸಸಿಯನ್ನು ಮಾತ್ರ ನೆಲ ಕೇಳಿದ ದಿನ ನೆಡಿ.

ಸಂಜೆ ನಾಲ್ಕರ ಮೇಲೆ ನೆಡಿ. ಹಿಂದಿನ ರಾತ್ರಿ ಚೀಲಕ್ಕೆ ನೀರು ಹಾಕಿಟ್ಟಿದ್ದರೆ ಮಣ್ಣಿನ ಹೆಂಟೆ ಒಡೆಯುವುದಿಲ್ಲ. ಸಸಿಯನ್ನು ಕಾಂಡ ಹಿಡಿದು ಎತ್ತಬೇಡಿ, ಚೀಲದ ಕೆಳಗೆ ಕೈ ಕೊಟ್ಟು ಎತ್ತಿ. ಬ್ಲೇಡಿನಿಂದ ಚೀಲವನ್ನು ಉದ್ದಕ್ಕೆ ಸೀಳಿ ಪೂರ್ತಿ ತೆಗೆಯಿರಿ. ಒಣಗಿ ಸತ್ತ ಸಸಿ ಕಿತ್ತರೆ ಕೆಳಗೆ ಪ್ಲಾಸ್ಟಿಕ್ ಹಾಗೇ ಸಿಗುವುದು ಬೀದಿ ನೆಡುತೋಪುಗಳ ಅತಿ ಸಾಮಾನ್ಯ ತಪ್ಪು. ಚೀಲ ತೆಗೆದ ಮೇಲೆ ಹೆಂಟೆಯನ್ನು ಒಂದು ಕ್ಷಣ ತಿರುಗಿಸಿ ನೋಡಿ. ಬೇರು ಬಳೆಯಂತೆ ಸುತ್ತಿಕೊಂಡಿದ್ದರೆ ನಾಲ್ಕು ಕಡೆ ಮೇಲಿನಿಂದ ಕೆಳಗೆ ಅರ್ಧ ಇಂಚು ಆಳಕ್ಕೆ ಗೀರಿ, ತಳದ ಸುರುಳಿ ಕತ್ತರಿಸಿ. ಹಾಗೇ ಬಿಟ್ಟರೆ ಏಳೆಂಟು ವರ್ಷದಲ್ಲಿ ಅದೇ ಬಳೆ ದಪ್ಪವಾಗಿ ಕಾಂಡವನ್ನು ಹಿಸುಕುತ್ತದೆ, ಮರ ಒಂದು ಗಾಳಿಗೆ ಬುಡಸಮೇತ ಉರುಳುತ್ತದೆ.

ಹೆಂಟೆಯ ಮೇಲ್ಮೈ ಸುತ್ತಲ ಮಣ್ಣಿಗೆ ಸಮನಾಗಿರಲಿ. ಕಾಂಡ ಮುಗಿದು ಬೇರು ಶುರುವಾಗುವಲ್ಲಿನ ಉಬ್ಬು ಕಣ್ಣಿಗೆ ಕಾಣಬೇಕು. ಗಟ್ಟಿಯಾಗಿ ನಿಲ್ಲಲೆಂದು ಒಂದು ಗೇಣು ಆಳಕ್ಕೆ ಹೂತರೆ ತೊಗಟೆ ಕೊಳೆಯುತ್ತದೆ. ಅರ್ಧ ಮಣ್ಣು ತುಂಬಿ ಒಂದು ಬಕೆಟ್ ನೀರು ಹಾಕಿ ಮಣ್ಣು ಕೂರಿಸಿ, ಉಳಿದದ್ದನ್ನು ತುಂಬಿ ಕಾಲಿನಿಂದ ಹಗುರವಾಗಿ ಒತ್ತಿ, ಮತ್ತೆ ಒಂದು ಬಕೆಟ್.

ಆಸರೆಗೆ ಎಂಟು ಅಡಿಯ ಬಿದಿರು ಅಥವಾ ಸರ್ವೆ ಗಳ. ಗಾಳಿ ಬರುವ ಪಶ್ಚಿಮದ ಮಗ್ಗುಲಿಗೆ, ಹೆಂಟೆಗೆ ತಾಗದಂತೆ, ಎರಡು ಅಡಿ ಹೂಳಿ. ತೆಂಗಿನ ನಾರಿನ ಹಗ್ಗ ಅಥವಾ ಹಳೇ ಸೈಕಲ್ ಟ್ಯೂಬನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಕಟ್ಟಿ, ಗಳಕ್ಕೂ ಕಾಂಡಕ್ಕೂ ನಡುವೆ ಎರಡು ಬೆರಳು ಆಡುವಷ್ಟು ಸಡಿಲವಿರಲಿ. ಕಾಂಡ ಸ್ವಲ್ಪ ತೂಗಾಡಿದರೇ ಗಟ್ಟಿಯಾಗುವುದು. ಬೈಂಡಿಂಗ್ ತಂತಿ ಎಂದಿಗೂ ಬೇಡ, ಒಂದೇ ವರ್ಷದಲ್ಲಿ ತೊಗಟೆಯೊಳಗೆ ಇಳಿದು ಸಸಿಯ ಕತ್ತು ಕೊಯ್ಯುತ್ತದೆ. ಕಟ್ಟನ್ನು ಮೂರು ತಿಂಗಳಿಗೊಮ್ಮೆ ಬಿಚ್ಚಿ ಕಟ್ಟಿ, ಎರಡು ವರ್ಷಕ್ಕೆ ಗಳ ತೆಗೆದುಬಿಡಿ.

ಹೊದಿಕೆಗೆ ದಾವಣಗೆರೆಯಲ್ಲಿ ಬರವಿಲ್ಲ. ಚನ್ನಗಿರಿ ಕಡೆಯ ಅಡಿಕೆ ಸಿಪ್ಪೆ, ಮೆಕ್ಕೆಜೋಳದ ರವದಿ, ಚಳ್ಳಕೆರೆ ಕಡೆಯ ಶೇಂಗಾ ಸಿಪ್ಪೆ ಯಾವುದಾದರೂ ಸರಿ. ನಾಲ್ಕು ಇಂಚು ದಪ್ಪ, ಮೂರು ಅಡಿ ಅಗಲ ಹರಡಿ, ಕಾಂಡದ ಸುತ್ತ ಒಂದು ಅಂಗೈ ಅಗಲ ಬರಿದು ಬಿಡಿ. ಅಡಿಕೆ ಸಿಪ್ಪೆ ಬೇಗ ಕರಗುವುದಿಲ್ಲ, ಹೀಗಾಗಿ ನಮಗೆ ಅದೇ ಇಷ್ಟ. ಭಟ್ಟಿಯ ಬೂದಿಯನ್ನು ಮಾತ್ರ ಬುಡಕ್ಕೆ ಸುರಿಯಬೇಡಿ, ಅದು ಕ್ಷಾರ.

ಬೇಲಿ ಆರು ಅಡಿ ಎತ್ತರ ಇರಲಿ. ಮೇಕೆ ಮುಂಗಾಲೆತ್ತಿ ನಿಂತರೆ ಐದು ಅಡಿ ಮುಟ್ಟುತ್ತದೆ. ಕಬ್ಬಿಣದ ಗಾರ್ಡು ಕಳುವಾಗುವ ಕಡೆ ಬಿದಿರಿನ ತಟ್ಟಿ, ಒಳಗೆ ಜಾಲಿ ಮುಳ್ಳು ಸಾಕು. ಹೆಸರಿನ ಫಲಕವನ್ನು ಗಾರ್ಡಿಗೆ ಕಟ್ಟಿ, ಕಾಂಡಕ್ಕೆ ಮೊಳೆ ಹೊಡೆಯಬೇಡಿ.

ಒಪ್ಪದ ಮನೆಯವರು

ಯಾರ ಮನೆ ಮುಂದೆಯೂ ಅವರ ಒಪ್ಪಿಗೆ ಇಲ್ಲದೆ ನೆಡಬೇಡಿ. ಕಾನೂನಿನ ಮಾತು ಬೇರೆ. ಆದರೆ ಬೇಡವೆಂದವರ ಮನೆ ಮುಂದಿನ ಸಸಿ ಬದುಕಿದ್ದು ಕಡಿಮೆ. ಆಕ್ಷೇಪಗಳಿಗೆ ಉತ್ತರ ಇಟ್ಟುಕೊಂಡೇ ಬಾಗಿಲು ತಟ್ಟಿ. "ಎಲೆ ಬೀಳ್ತವೆ, ದಿನಾ ಯಾರು ಗುಡಿಸ್ತಾರೆ" ಎನ್ನುವ ಅಮ್ಮನವರಿಗೆ, "ಫೆಬ್ರವರಿ, ಮಾರ್ಚ್ ಎರಡು ತಿಂಗಳು ನಮ್ಮ ಹುಡುಗ್ರು ಬಂದು ಎಲೆ ತುಂಬ್ಕೊಂಡು ಹೋಗ್ತಾರೆ ಅಮ್ಮಾ, ಗೊಬ್ಬರ ಆದ್ಮೇಲೆ ನಿಮ್ಮ ತುಳಸಿ ಕುಂಡಕ್ಕೆ ತಂದು ಕೊಡ್ತೀವಿ" ಎಂದು ಹೇಳಿ, ಹೇಳಿದಂತೆ ಮಾಡಿ. ಅಂಗಡಿಯವರಿಗೆ ಬೋರ್ಡು ಮರೆಯಾಗುವ ಚಿಂತೆ. ಎರಡು ಅಂಗಡಿಯ ನಡುವಿನ ಗೋಡೆಯ ನೇರಕ್ಕೆ ಗುಂಡಿ ಇಟ್ಟು, ಮೂರನೇ ವರ್ಷಕ್ಕೆ ಕೊಂಬೆಗಳನ್ನು ಬೋರ್ಡಿನ ಮೇಲಕ್ಕೆ ಎತ್ತಿಸುವುದಾಗಿ ಹೇಳಿ. ವಾಸ್ತುವಿನಂತೆ ಬಾಗಿಲ ನೇರಕ್ಕೆ ಮರ ಬೇಡವೆಂದರೆ ವಾದ ಬೇಡ, ನಾಲ್ಕು ಅಡಿ ಪಕ್ಕಕ್ಕೆ ಸರಿಸಿ. ತಳಪಾಯ ಬಿರಿಯುವ ಭಯಕ್ಕೆ ಮೇಲೆ ಹೇಳಿದ ಹತ್ತು ಅಡಿಯ ಲೆಕ್ಕ ತೋರಿಸಿ.

ಪ್ರತಿ ಸಸಿಗೂ ಎರಡು ಮನೆ ಇರಲಿ, ಎದುರುಬದುರಿನವು. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು. ನೋಟ್‌ಬುಕ್ಕಿನಲ್ಲಿ ಸಸಿಯ ಸಂಖ್ಯೆ, ಜಾತಿ, ನೆಟ್ಟ ದಿನ, ಮನೆಯವರು ಇಷ್ಟು ಬರೆದು, ತಿಂಗಳಿಗೊಮ್ಮೆ ಓಣಿಯ ವಾಟ್ಸಾಪ್ ಗುಂಪಿಗೆ ಪ್ರತಿ ಸಸಿಯ ಫೋಟೋ ಹಾಕಿಸಿ. ಬಾಡಿಗೆ ಮನೆಯವರನ್ನು ಬಿಡಬೇಡಿ, ನೀರು ಹಾಕುವವರಲ್ಲಿ ಅವರೇ ಹೆಚ್ಚು. ಅವರು ಮನೆ ಬದಲಿಸಿದ ದಿನ ಸಸಿಯ ಹೊಣೆ ಯಾರಿಗೆ ಹೋಯಿತೆಂದು ಬರೆದಿಡಿ. ಸತ್ತ ಸಸಿಗೆ ಬೈಗುಳ ಬೇಡ. ಕಿತ್ತು ಬೇರು ನೋಡಿ, ಕಾರಣ ಬರೆದು, ಮುಂದಿನ ಮಳೆಗೆ ಬೇರೆ ಹಾಕಿ.

ಬೀದಿ ಮರ ನರಳುವ ಕಾರಣಗಳಲ್ಲಿ ಬಹುಪಾಲು ಮನುಷ್ಯರವೇ. ಟೀ ಅಂಗಡಿಯ ಬಿಸಿನೀರು ಬುಡಕ್ಕೆ ಬೀಳುವುದು, ಗುಡಿಸಿದ ಕಸಕ್ಕೆ ಬುಡದಲ್ಲೇ ಬೆಂಕಿ, ಮನೆ ಕಟ್ಟುವವರು ಕಲಸಿದ ಸಿಮೆಂಟು, ಗಣೇಶನ ಪೆಂಡಾಲಿನ ಹಗ್ಗ, ಸೀರಿಯಲ್ ದೀಪದ ತಂತಿ. ಇವೆಲ್ಲಕ್ಕಿಂತ ಕೆಟ್ಟದ್ದು ಬುಡದವರೆಗೆ ಟೈಲ್ಸು, ಕಾಂಕ್ರೀಟು ಹಾಕುವುದು. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿತ್ತು. ನಿಮ್ಮ ಓಣಿಯಲ್ಲಿ ರಸ್ತೆ ಕೆಲಸ ಶುರುವಾಗುವ ಮುನ್ನ ಗುತ್ತಿಗೆದಾರರಿಗೆ ಈ ಮಾತು ತಿಳಿಸಿ, ಪ್ರತಿ ಮರಕ್ಕೆ 4×4 ಅಡಿ ತೆರೆದ ಮಣ್ಣು ಬಿಡಿಸಿ. ಕಾಂಕ್ರೀಟು ಬಿದ್ದ ಮೇಲೆ ಒಡೆಸುವುದು ಕಷ್ಟ.

ಸವರುವುದು

ಮೊದಲ ವರ್ಷ ಕತ್ತರಿ ಮುಟ್ಟಬೇಡಿ, ಒಣಗಿದ್ದನ್ನು ಬಿಟ್ಟು. ಕೆಳಗಿನ ಸಣ್ಣ ರೆಂಬೆಗಳ ಎಲೆಯೇ ಕಾಂಡವನ್ನು ದಪ್ಪ ಮಾಡುವುದು. ಎರಡನೇ ವರ್ಷ, ತುದಿಯಲ್ಲಿ ಎರಡು ಕವೆ ಸಮವಾಗಿ ಮೇಲೇಳುತ್ತಿದ್ದರೆ ಒಂದನ್ನು ಕತ್ತರಿಸಿ. ಹಾಗೇ ಬಿಟ್ಟ ಕವೆಯೇ ಹದಿನೈದು ವರ್ಷದ ಮೇಲೆ ಗಾಳಿಗೆ ಸೀಳುವುದು. ಆಮೇಲೆ ವರ್ಷಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯದೆ, ನಿಧಾನವಾಗಿ ಫುಟ್‌ಪಾತಿನ ಮೇಲೆ 8 ಅಡಿ, ರಸ್ತೆಯ ಮೇಲೆ 15 ಅಡಿವರೆಗೆ ಕೊಂಬೆ ಎತ್ತಿ. ಮಣಿಕಟ್ಟು ದಪ್ಪದ ಕೊಂಬೆಯನ್ನು ಒಂದೇ ಏಟಿಗೆ ಕಡಿದರೆ ಬೀಳುವಾಗ ತೊಗಟೆ ಸುಲಿದುಕೊಂಡು ಬರುತ್ತದೆ. ಮೊದಲು ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ ಗರಗಸ ಹಾಕಿ, ಅದರಾಚೆ ಎರಡು ಇಂಚು ಬಿಟ್ಟು ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಕೊಯ್ಯಿರಿ. ಆ ಉಬ್ಬಿನಿಂದಲೇ ಹೊಸ ತೊಗಟೆ ಬಂದು ಗಾಯ ಮುಚ್ಚುತ್ತದೆ. ಟಾರು, ಪೇಂಟು ಬಳಿಯುವುದು ಬೇಕಿಲ್ಲ. ತಂತಿಯ ಹತ್ತಿರದ ಕೊಂಬೆಗೆ ನೀವು ಏಣಿ ಹಾಕಬೇಡಿ, ಬೆಸ್ಕಾಂ ಸಿಬ್ಬಂದಿ ಸವರುವ ದಿನ ಹಾಜರಿದ್ದು ತುದಿ ಬೋಳಿಸದಂತೆ ಕೇಳಿಕೊಳ್ಳಿ.

ಉದುರಿದ ಎಲೆಗೆ ಓಣಿಯ ಒಂದು ಮೂಲೆಯಲ್ಲಿ ಮೂರು ಅಡಿ ಚದರದ ತಂತಿ ಜಾಲರಿಯ ಪಂಜರ ಸಾಕು. ಒಂದು ಅಡಿ ಎಲೆ, ಮೇಲೆ ಒಂದು ಬಕೆಟ್ ಸಗಣಿ ಬಗ್ಗಡ, ಹೀಗೆ ಪದರ ಪದರವಾಗಿ. ವಾರಕ್ಕೊಮ್ಮೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ಮಗುಚಿದರೆ ನಾಲ್ಕು ತಿಂಗಳಿಗೆ ಗೊಬ್ಬರ.

ನಾಲ್ಕಾರು ವರ್ಷಕ್ಕೆ ಹೊಂಗೆ ಕಾಯಿ ಬಿಡಲು ಶುರುವಾಗುತ್ತದೆ, ಬೇವು ಜೂನಿನ ಹೊತ್ತಿಗೆ ಹಣ್ಣು ಉದುರಿಸುತ್ತದೆ. ಪಕ್ಕದ ಓಣಿಯವರು ಸಸಿ ಕೇಳಿಕೊಂಡು ಬರುವ ಹೊತ್ತೂ ಹೆಚ್ಚು ಕಡಿಮೆ ಅದೇ. ಬೇವಿನ ಬೀಜದ ಮೊಳೆಯುವ ಶಕ್ತಿ ಎರಡು ಮೂರು ವಾರದಲ್ಲೇ ಕುಂದುತ್ತದೆ. ಹಣ್ಣನ್ನು ಕಿವುಚಿ ತೊಳೆದು, ನೆರಳಲ್ಲಿ ಎರಡು ದಿನ ಆರಿಸಿ, ಕೂಡಲೇ ಬಿತ್ತಿ. ಹೊಂಗೆ ಬೀಜವನ್ನು ಸಿಪ್ಪೆಯಿಂದ ಬಿಡಿಸಿ ಒಂದು ರಾತ್ರಿ ನೆನೆಸಿದರೆ ಎರಡು ವಾರದಲ್ಲಿ ಮೊಳಕೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಗೊಬ್ಬರದ 8×12 ಚೀಲದಲ್ಲಿ ಒಂದು ಇಂಚು ಆಳಕ್ಕೆ ಹಾಕಿ. ಆರು ತಿಂಗಳಿಗೆ ದೊಡ್ಡ ಚೀಲಕ್ಕೆ ಬದಲಿಸಿ, ಬೇರು ನೆಲಕ್ಕಿಳಿಯದಂತೆ ಎರಡು ತಿಂಗಳಿಗೊಮ್ಮೆ ಜಾಗ ಸರಿಸಿ. ಸಸಿ ಆರು ಅಡಿಗೆ ಬರಲು ಒಂದೂವರೆ ಎರಡು ವರ್ಷ ಬೇಕು. ಅಷ್ಟರೊಳಗೆ ಆ ಓಣಿಯವರು ಸಂಜೆ ನಾಲ್ಕರ ಬಿಸಿಲಲ್ಲಿ ತಮ್ಮ ಗುರುತುಗಳನ್ನು ಹಾಕಿ, ನೀರಿಗೆ ಎರಡೆರಡು ಮನೆ ಗೊತ್ತುಮಾಡಿಕೊಂಡಿರಲಿ.